ಕುಣಿದು ಬಂದ ಮುಖವಾಡಗಳು: ಎರ್ವೆ ಯೂಂಬಿ ಮತ್ತು ಬಾಮಿಲೆಕೆ ಹಿರಿಯರು

ಕ್ಯಾಮರೂನಿನ ಕಲಾವಿದ ಎರ್ವೆ ಯೂಂಬಿಯವರ ಒಂದು ಮುಖವಾಡದ ಎರಡೂ ಬದಿಗೆ ಆನೆಯ ಅಗಲವಾದ ದುಂಡು ಕಿವಿಗಳಿವೆ. ಮೈತುಂಬ ಗಾಜಿನ ಬಣ್ಣಬಣ್ಣದ ಮಣಿಗಳನ್ನು ಒತ್ತೊತ್ತಾಗಿ ಹೊಲಿಯಲಾಗಿದೆ. ಬಾಮಿಲೆಕೆ ಜನರ ಆನೆ ಮುಖವಾಡವನ್ನು ಚಿತ್ರದಲ್ಲಾದರೂ ನೋಡಿದವರಿಗೆ ಇದು ಅದೇ ಕುಲಕ್ಕೆ ಸೇರಿದ್ದೆಂದು ಕೂಡಲೇ ತಿಳಿಯುತ್ತದೆ. ಆದರೆ ಕಿವಿಗಳ ನಡುವೆ ಇರುವ ಮುಖ ಬೇರೆಯದು. ಜೋತುಬಿದ್ದ ಕಣ್ಣು, ಉದ್ದಕ್ಕೆ ತೆರೆದ ಬಾಯಿ, ಬಿಳಿಚಿಕೊಂಡ ಪ್ರೇತಕಳೆ: 1996ರಲ್ಲಿ ತೆರೆಕಂಡ 'ಸ್ಕ್ರೀಮ್' ಎಂಬ ಅಮೆರಿಕನ್ ಚಲನಚಿತ್ರದಲ್ಲಿ ಕೊಲೆಗಾರ ಧರಿಸುವ ಮುಖವಾಡ ಅದು. ಕೃತಿಯ ಹೆಸರು 'ತ್ಸೊ ಸ್ಕ್ರೀಮ್'. ತ್ಸೊ ಎಂದರೆ ಆನೆ ಮುಖವಾಡ ಧರಿಸಿ ಕುಣಿಯುವ ಬಾಮಿಲೆಕೆ ಕುಣಿತ.

ಹಳೆಯ ಪವಿತ್ರ ವಸ್ತುವೊಂದಕ್ಕೆ ಅಂಗಡಿಯ ಅಗ್ಗದ ಮುಖವನ್ನು ಅಂಟಿಸಿ ನೋಡುವವರನ್ನು ಬೆಚ್ಚಿಬೀಳಿಸುವುದು ಇಂದಿನ ಕಲಾಲೋಕದಲ್ಲಿ ಹೊಸದೇನಲ್ಲ, ಕಷ್ಟವೂ ಅಲ್ಲ. ಯೂಂಬಿಯವರ ಕೃತಿಯನ್ನು ಆ ಸಾಲಿಗೆ ಸೇರಿಸಿ ಮುಂದೆ ಸಾಗುವುದು ಸುಲಭ. ನಾನು ಹಾಗೆ ಮಾಡಲಾರೆ. ಈ ಮುಖವಾಡ ಬಾಮಿಲೆಕೆ ಪರಂಪರೆಯಿಂದ ಎರವಲು ತಂದ ಅಲಂಕಾರವನ್ನು ಹೊತ್ತಿಲ್ಲ. ಆ ಪರಂಪರೆ ತನ್ನನ್ನು ತಾನು ಬೆಳೆಸಿಕೊಂಡು ಬಂದ ರೀತಿಯನ್ನೇ ಅನುಸರಿಸಿ ಹುಟ್ಟಿದೆ ಎಂಬುದು ನನ್ನ ನಂಬಿಕೆ. ಇದಕ್ಕೆ ಕಾರಣ ಹೇಳಬೇಕಾದರೆ ಮುಖವಾಡ ಹುಟ್ಟುವ ನಾಡಿನ ಮಾತನ್ನು ಸ್ವಲ್ಪ ವಿವರವಾಗಿಯೇ ಆಡಬೇಕು.

ಕ್ಯಾಮರೂನಿನ ಪಶ್ಚಿಮ ಭಾಗದಲ್ಲಿ, ಬಫುಸ್ಸಾಮ್ ನಗರದ ಸುತ್ತಮುತ್ತ, ಹುಲ್ಲು ಹೊದ್ದ ಎತ್ತರದ ಗುಡ್ಡಗಾಡು ಹರಡಿಕೊಂಡಿದೆ. ಹೊರಗಿನವರು ಇದನ್ನು ಗ್ರಾಸ್‌ಫೀಲ್ಡ್ಸ್ ಎಂದು ಕರೆದರು. ಬಾಮಿಲೆಕೆ ಎಂಬ ಒಂದೇ ಹೆಸರಿನಡಿ ಹೊರಜಗತ್ತು ಗುರುತಿಸುವ ಜನ ವಾಸ್ತವದಲ್ಲಿ ಬಂಜೂನ್, ಬಹಾಮ್, ಬಾನಾ, ಬಂಗಾಂಗ್ಟೆ, ಬಾಟೂಫಾಮ್ ಮುಂತಾದ ನೂರರಷ್ಟು ಸಣ್ಣದೊಡ್ಡ ಅರಸೊತ್ತಿಗೆಗಳ ಜನ. ಅವರಾಡುವ ನುಡಿಗಳೂ ಒಂದಲ್ಲ. ಪ್ರತಿ ಅರಸೊತ್ತಿಗೆಗೂ ಒಬ್ಬ 'ಫೊ', ಅಂದರೆ ಅರಸ, ಇರುತ್ತಾನೆ. ಅವನ ಅರಮನೆ ಸಾಮಾನ್ಯವಾಗಿ ಇಳಿಜಾರಿನಲ್ಲಿ ನಿಲ್ಲುತ್ತದೆ: ಮೇಲ್ಗಡೆ ಹೆಬ್ಬಾಗಿಲು ಮತ್ತು ಸಂತೆಯ ಬಯಲು, ಅಲ್ಲಿಂದ ಕೆಳಗಿಳಿಯುವ ದಾರಿಯ ಎರಡು ಬದಿಗೆ ರಾಣಿಯರ ಮನೆಗಳು, ತಗ್ಗಿನಲ್ಲಿ ಯಾರೂ ಕೊಡಲಿ ಹಾಕಬಾರದ ದೇವರ ಕಾಡು. ಹೊಸ ಫೊ ಪಟ್ಟಕ್ಕೆ ಬರುವ ಮೊದಲು 'ಲಾಕಾಮ್' ಎಂಬ ಸ್ಥಳದಲ್ಲಿ ಒಂಬತ್ತು ವಾರ ಪ್ರತ್ಯೇಕವಾಗಿದ್ದು ಅರಸುತನದ ಪಾಠ ಕಲಿಯಬೇಕು. ಅವನ ಅಧಿಕಾರವೂ ಲಗಾಮಿಲ್ಲದ್ದಲ್ಲ. ಒಂಬತ್ತು ಮಂದಿ ಹಿರಿಯರ ಸಭೆ ಮತ್ತು ಹಲವು ರಹಸ್ಯ ಕೂಟಗಳು ಅವನ ಬೆನ್ನಿಗೂ ಇರುತ್ತವೆ, ಅವನ ಕೈಯನ್ನೂ ಹಿಡಿಯುತ್ತವೆ. ಮುಖವಾಡಗಳು ಈ ಕೂಟಗಳ ಸೊತ್ತು. ಕೆತ್ತಿದವನದ್ದೂ ಅಲ್ಲ, ಧರಿಸಿ ಕುಣಿದವನದ್ದೂ ಅಲ್ಲ.

ಈ ನಾಡಿನಲ್ಲಿ ಸತ್ತವರು ದೂರ ಹೋಗುವುದಿಲ್ಲ. ಹೆಣವನ್ನು ಹೂಳಿದ ಕೆಲವು ವರ್ಷಗಳ ಬಳಿಕ ತಲೆಬುರುಡೆಯನ್ನು ಮಣ್ಣಿನಿಂದ ಹೊರತೆಗೆದು, ವಾರಸುದಾರನ ವಶಕ್ಕೆ ಕೊಟ್ಟು, ಮನೆಯಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಇಡುವುದು ಬಾಮಿಲೆಕೆ ಪದ್ಧತಿ. ಮದುವೆ, ಕಾಯಿಲೆ, ದೂರದ ಪ್ರಯಾಣ, ವ್ಯಾಪಾರದ ಸೋಲು ಎಂದೆಲ್ಲ ಬಂದಾಗ ಅಲ್ಲಿಗೆ ಹೋಗಿ, ತಾಳೆ ಎಣ್ಣೆ, ಉಪ್ಪು, ಊಟ ಬಡಿಸಿ, ಹಿರಿಯರೊಡನೆ ಮಾತನಾಡಬೇಕು. ತಂದೆಗೆ ಎಷ್ಟೇ ಮಕ್ಕಳಿದ್ದರೂ ವಾರಸುದಾರ ಒಬ್ಬನೇ. ಅವನಿಗೆ ಆಸ್ತಿ ಬರುವುದಕ್ಕಿಂತ ಹೆಚ್ಚಾಗಿ ಈ ಬುರುಡೆಗಳ ಹೊಣೆ ಬರುತ್ತದೆ. ಡುವಾಲಾ, ಯವುಂಡೆಯಂಥ ದೊಡ್ಡ ನಗರಗಳಲ್ಲಿ ವ್ಯಾಪಾರ ಮಾಡಿ ಶ್ರೀಮಂತರಾದವರೂ, ಪ್ಯಾರಿಸ್ಸಿನಲ್ಲಿ ನೆಲೆಸಿದವರೂ ಈ ಹೊಣೆಯನ್ನು ಸುಲಭವಾಗಿ ಕಳಚಿಕೊಳ್ಳಲಾರರು.

ಹೂಳುವುದು ಒಂದು ಕಾರ್ಯವಾದರೆ ಉತ್ತರಕ್ರಿಯೆ ಇನ್ನೊಂದು, ಮತ್ತು ದೊಡ್ಡದು ಈ ಎರಡನೆಯದೇ. ಸಾವಿನ ತಿಂಗಳುಗಳ ನಂತರ, ಕೆಲವೊಮ್ಮೆ ಹಲವು ವರ್ಷಗಳ ನಂತರ, ಮಳೆ ನಿಂತ ಒಣ ಋತುವಿನ ವಾರಾಂತ್ಯಗಳಲ್ಲಿ ಊರಿಗೆ ಊರೇ ನೆರೆದು ನಡೆಸುವ ದೊಡ್ಡ ಸಮಾರಂಭ ಇದು. ನವೆಂಬರ್ ಬಂತೆಂದರೆ ಪಟ್ಟಣಗಳಿಂದ ಬಸ್ಸು ಕಾರುಗಳು ಪಶ್ಚಿಮದ ಗುಡ್ಡಗಳನ್ನು ಏರತೊಡಗುತ್ತವೆ. ಒಂದೇ ಬಟ್ಟೆಯಲ್ಲಿ ಹೊಲಿಸಿದ ಉಡುಪು ತೊಟ್ಟ ನೆಂಟರ ಗುಂಪುಗಳು, ಡೋಲು, ಬಂದೂಕಿನ ಸಿಡಿತ, ಊಟ. ಇವೆಲ್ಲದರ ನಡುವೆ ಕೂಟಗಳ ಮುಖವಾಡಗಳು ಅಂಗಳಕ್ಕೆ ಇಳಿಯುತ್ತವೆ. ಮುಖವಾಡ ಬಂದರೆ ಅದರೊಡನೆ ಸತ್ತವನ ಪದವಿ, ಅವನು ಸೇರಿದ್ದ ಕೂಟದ ಗೌರವ ಎರಡೂ ಬಂದಂತೆ. ಯೂಂಬಿಯವರ ಕಲೆಯನ್ನು ಅರಿಯಬೇಕಾದರೆ ಮನಸ್ಸಿನಲ್ಲಿ ಇರಿಸಿಕೊಳ್ಳಬೇಕಾದ್ದು ಈ ಅಂಗಳವನ್ನು. ಗ್ಯಾಲರಿಯ ಬಿಳಿ ಗೋಡೆ ಬರುವುದು ಆಮೇಲೆ.

ಆನೆ ಮುಖವಾಡ 'ಕುವೊಸಿ' ಎಂಬ ಕೂಟಕ್ಕೆ ಸೇರಿದ್ದು. ಮೊದಲು ಯೋಧರ ಕೂಟವಾಗಿದ್ದು, ಕಾಲಕ್ರಮದಲ್ಲಿ ಸಿರಿವಂತರ ಮತ್ತು ಪದವಿ ಪಡೆದವರ ಕೂಟವಾಯಿತು. ಆನೆ ಮತ್ತು ಚಿರತೆ ಎರಡೂ ಫೊನ ಸಂಕೇತಗಳು. ಅರಸ ಬೇಕೆಂದಾಗ ಈ ಪ್ರಾಣಿಗಳ ರೂಪ ತಾಳಬಲ್ಲನೆಂಬ ನಂಬಿಕೆಯಿದೆ. ಮುಖವಾಡದ ಮುಂಭಾಗದಲ್ಲಿ ಸೊಂಡಿಲನ್ನು ಸೂಚಿಸುವ ಉದ್ದನೆಯ ಬಟ್ಟೆಯ ಪಟ್ಟಿ ಮೊಣಕಾಲಿನವರೆಗೆ ಇಳಿದಿರುತ್ತದೆ, ಬೆನ್ನಿಗೆ ಅಂಥದೇ ಇನ್ನೊಂದು. ಕುಣಿಯುವಾಗ ಕಿವಿಗಳು ಬೀಸುತ್ತವೆ. ಮಣಿಗಳಲ್ಲಿ ಮೂಡಿಸಿದ ತ್ರಿಕೋನಗಳು ಚಿರತೆಯ ಚುಕ್ಕೆಗಳು. ಕಪ್ಪು ಬಣ್ಣ ಇರುಳನ್ನೂ ಬದುಕಿರುವವರಿಗೂ ಸತ್ತವರಿಗೂ ಇರುವ ನಂಟನ್ನೂ ಹೇಳಿದರೆ, ಬಿಳಿ ಹಿರಿಯರ ಎಲುಬನ್ನು, ಕೆಂಪು ರಕ್ತ, ಜೀವ ಮತ್ತು ಅರಸುತನವನ್ನು ಹೇಳುತ್ತವೆ. ಜೊತೆಗೆ ಉಡುವುದು 'ಎಂಡೊಪ್' ಬಟ್ಟೆ. ಹತ್ತಿಯ ಕಿರುಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ, ಅದರ ಮೇಲೆ ರಾಫಿಯಾ ನಾರಿನಿಂದ ಚಿತ್ತಾರವನ್ನು ಬಿಗಿಯಾಗಿ ಹೊಲಿದು, ನೀಲಿಯ ಬಣ್ಣದಲ್ಲಿ ಅದ್ದಿ, ಒಣಗಿದ ಮೇಲೆ ಹೊಲಿಗೆ ಬಿಚ್ಚಿದರೆ ಕಡುನೀಲಿಯ ಮೇಲೆ ಬಿಳಿಯ ಗೆರೆಗಳು ಉಳಿಯುತ್ತವೆ. ಹೊಲಿಗೆ ಗುಡ್ಡನಾಡಿನದಾದರೂ ನೇಯ್ಗೆಯೂ ಬಣ್ಣವೂ ಬಹುಕಾಲ ದೂರದ ಉತ್ತರದ ಪಟ್ಟಣಗಳಿಂದ ಬರುತ್ತಿದ್ದವು.

ಆ ಮಣಿಗಳನ್ನು ಬಾಮಿಲೆಕೆ ನಾಡಿನಲ್ಲಿ ಯಾರೂ ಮಾಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವು ವೆನಿಸ್ ಮತ್ತು ಬೊಹೀಮಿಯಾದ ಗಾಜಿನ ಕುಲುಮೆಗಳಲ್ಲಿ ಹುಟ್ಟಿ, ಕರಾವಳಿಯ ವರ್ತಕರ ಕೈ ದಾಟಿ, ಗುಡ್ಡ ಹತ್ತಿ ಬಂದವು. ಅವುಗಳ ಜೊತೆಗೆ ಹಿಂದೂ ಮಹಾಸಾಗರದ ಕವಡೆಗಳೂ ಬಂದವು. ಇವೆರಡೂ ಒಂದು ಕಾಲಕ್ಕೆ ಹಣವೇ ಆಗಿದ್ದವು. ಗುಲಾಮರ ಮಾರಾಟದ ನೋವಿನ ಲೆಕ್ಕವೂ ಆ ವ್ಯಾಪಾರದೊಳಗೆ ಸೇರಿತ್ತು ಎಂಬುದನ್ನು ಮರೆಯಲಾಗದು. ಮೈತುಂಬ ಮಣಿ ಹೊಲಿದ ಮುಖವಾಡವನ್ನು ಧರಿಸಿದವನು ತನ್ನ ಕೂಟದ ಸಂಪತ್ತನ್ನೂ, ದೂರದ ಲೋಕದೊಡನೆ ತನ್ನ ಅರಸನಿಗಿರುವ ಸಂಬಂಧವನ್ನೂ ಎಲ್ಲರೆದುರು ಹೊತ್ತು ಕುಣಿಯುತ್ತಿದ್ದ. ಇಂದು ನಾವು ಅಪ್ಪಟ ಬಾಮಿಲೆಕೆ ಎಂದು ಬೆರಗಿನಿಂದ ನೋಡುವ ವಸ್ತು ತನ್ನ ಕಾಲದಲ್ಲಿ ಪರದೇಶದ ಸರಕಿನಿಂದ ತಯಾರಾದ, ಕಣ್ಣುಕುಕ್ಕುವ ಹೊಸತು. ಹೊರಗಿನಿಂದ ಬಂದದ್ದನ್ನು ಹೆದರದೆ ಒಳಗೆ ಕರೆದುಕೊಂಡು, ತನ್ನ ಹಿರಿಯರ ಸೇವೆಗೆ ಹಚ್ಚುವ ಸಾಮರ್ಥ್ಯವೇ ಈ ಪರಂಪರೆಯ ಬಲ. ಹಾಗಿರುವಾಗ ಚೀನಾದಲ್ಲಿ ತಯಾರಾಗಿ ಕ್ಯಾಮರೂನಿನ ಸಂತೆಗೆ ಬಂದಿಳಿಯುವ ರಬ್ಬರು, ಪ್ಲಾಸ್ಟಿಕ್ಕಿನ ಭೂತಮುಖಗಳು ಗುಡ್ಡನಾಡಿನ ಕುಣಿತಗಳಲ್ಲಿ ಕಾಣಿಸಿಕೊಳ್ಳತೊಡಗಿದ್ದು ಅಚ್ಚರಿಯಾಗಬೇಕಿಲ್ಲ. ಯೂಂಬಿ ಅದನ್ನು ಹಾಳಾದ ಕಾಲದ ಗುರುತೆಂದು ತಿರಸ್ಕರಿಸಲಿಲ್ಲ. ಕುಣಿಯುವವರು ಏಕೆ ಅದನ್ನು ಆರಿಸಿಕೊಂಡರೆಂದು ಯೋಚಿಸಿದರು. ಅವರ ಕೃತಿ ಹೊರಟಿದ್ದು ಅಲ್ಲಿಂದ.

ಈ ಪರಂಪರೆಯ ವಸ್ತುಗಳು ನಾಡನ್ನು ಬಿಟ್ಟು ಹೋದ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. 1884ರಿಂದ ಮೊದಲ ಮಹಾಯುದ್ಧದವರೆಗೆ ಕ್ಯಾಮರೂನ್ ಜರ್ಮನಿಯ ವಸಾಹತಾಗಿತ್ತು. ಸೈನಿಕರು, ಅಧಿಕಾರಿಗಳು, ವರ್ತಕರು, ಪಾದ್ರಿಗಳು ಸಾಗಿಸಿದ ವಸ್ತುಗಳ ಪೈಕಿ ನಲವತ್ತು ಸಾವಿರಕ್ಕೂ ಹೆಚ್ಚು ಇಂದಿಗೂ ಜರ್ಮನಿಯ ಸಾರ್ವಜನಿಕ ವಸ್ತುಸಂಗ್ರಹಾಲಯಗಳಲ್ಲಿವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಬೆನೆಡಿಕ್ಟ್ ಸವುವಾ ಮತ್ತು ಡ್ಶಾಂಗ್ ವಿಶ್ವವಿದ್ಯಾಲಯದ ಆಲ್ಬರ್ಟ್ ಗುವಾಫೊ ಅವರ ಮುಂದಾಳುತನದಲ್ಲಿ ನಡೆದ ಕೆಲಸ ಅದು. ಡ್ಶಾಂಗ್ ಬಾಮಿಲೆಕೆ ನಾಡಿನ ಊರೇ ಆಗಿರುವುದರಿಂದ, ಕಳೆದುಕೊಂಡವರ ಮನೆಯಲ್ಲೇ ಕುಳಿತು ಈ ಲೆಕ್ಕ ಬರೆದಂತಾಯಿತು. ಬಾಚಾಮ್ ಮುಖವಾಡವೆಂದು ಯುರೋಪಿನಲ್ಲಿ ಹೆಸರಾದ, ಉಬ್ಬಿದ ಕೆನ್ನೆ ಮತ್ತು ಬಾಗಿ ಮೇಲೆದ್ದ ಹಣೆಯ 'ತ್ಸೆಸಾ' ಶಿರೋಭೂಷಣಗಳಲ್ಲಿ ಇಂದು ತಿಳಿದಿರುವುದು ಬೆರಳೆಣಿಕೆಗಿಂತ ತುಸು ಹೆಚ್ಚಷ್ಟೇ. ಅವುಗಳಲ್ಲಿ ಒಂದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಕೊಂಡುಕೊಂಡಿತು. ಪಶ್ಚಿಮದ ಅಂಚಿನ ಬಂಗ್ವಾ ನಾಡಿನಿಂದ ಗುಸ್ತಾವ್ ಕೊನ್ರಾವ್ ಎಂಬ ಜರ್ಮನ್ ವಸಾಹತು ಪ್ರತಿನಿಧಿ 1890ರ ದಶಕದ ಕೊನೆಯಲ್ಲಿ ಪಡೆದು ಬರ್ಲಿನ್ನಿಗೆ ಕಳುಹಿಸಿದ ಮರದ ಶಿಲ್ಪವೊಂದು 'ಬಂಗ್ವಾ ರಾಣಿ' ಎಂದು ಹೆಸರಾಯಿತು. 1930ರ ದಶಕದಲ್ಲಿ ಅಮೆರಿಕದ ಕಲಾವಿದ, ಛಾಯಾಗ್ರಾಹಕ ಮ್ಯಾನ್ ರೇ ಅದನ್ನು ಬೆತ್ತಲೆ ರೂಪದರ್ಶಿಯ ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆದರು. 1990ರಲ್ಲಿ ಹರಾಜಿನಲ್ಲಿ ಅದಕ್ಕೆ 34 ಲಕ್ಷ ಡಾಲರ್ ಬೆಲೆ ಬಂತು. ಕುಲದ ನೆನಪನ್ನು ಹೊತ್ತ ಒಂದು ಮೂರ್ತಿ ಛಾಯಾಚಿತ್ರದ ಪರಿಕರವಾಗಿ, ಹರಾಜಿನ ಸರಕಾಗಿ ಸಾಗಿದ ದಾರಿ ಇದು. ನನಗೆ ಅದನ್ನು ಓದುವಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಾಡಿನಲ್ಲಿ ಉಳಿದದ್ದಕ್ಕೂ ನೆಮ್ಮದಿ ಇರಲಿಲ್ಲ. 1955ರಲ್ಲಿ ಫ್ರೆಂಚ್ ಆಡಳಿತ ಯುಪಿಸಿ ಎಂಬ ಸ್ವಾತಂತ್ರ್ಯ ಚಳವಳಿಯ ಪಕ್ಷವನ್ನು ನಿಷೇಧಿಸಿದ ಮೇಲೆ ಹೊತ್ತಿದ ಯುದ್ಧ 1960ರ ಸ್ವಾತಂತ್ರ್ಯದ ನಂತರವೂ ಆರಲಿಲ್ಲ. ಬಾಮಿಲೆಕೆ ಗುಡ್ಡಗಳು ಅದರ ಮುಖ್ಯ ರಣಭೂಮಿಗಳಲ್ಲಿ ಒಂದಾದವು. ಹಳ್ಳಿಗಳೂ ಅರಮನೆಗಳೂ ಸುಟ್ಟವು, ಜನರನ್ನು ಕಾವಲಿನ ಶಿಬಿರಗಳಿಗೆ ಒಕ್ಕಲೆಬ್ಬಿಸಲಾಯಿತು. ಚಳವಳಿಯ ಕೊನೆಯ ದೊಡ್ಡ ನಾಯಕ ಅರ್ನೆಸ್ಟ್ ವಾಂಡಿಯೆ ಅವರನ್ನು 1971ರ ಜನವರಿ 15ರಂದು ಬಫುಸ್ಸಾಮ್‌ನಲ್ಲಿ ಸಾರ್ವಜನಿಕವಾಗಿ ಗುಂಡಿಕ್ಕಿ ಕೊಲ್ಲಲಾಯಿತು. ಯೂಂಬಿ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.

ಅವರು ಹುಟ್ಟಿದ್ದು ಕ್ಯಾಮರೂನಿನಲ್ಲಿ ಅಲ್ಲ, ನೆರೆಯ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯಲ್ಲಿ, 1973ರಲ್ಲಿ. ಕಲೆಯ ಕಲಿಕೆ ಕ್ಯಾಮರೂನಿನ ಎಂಬಾಲ್‌ಮಾಯೊದ ಕಲಾಶಾಲೆಯಲ್ಲಿ, ಮುಂದೆ ಸ್ವಲ್ಪ ಕಾಲ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ವಾಸ ಡುವಾಲಾದಲ್ಲಿ. 1998ರಲ್ಲಿ ಬ್ಲೇಜ್ ಬಾಂಗ್, ಸಲಿಫು ಲಿಂಡು, ಜೂಲ್ ವೊಕಾಮ್, ಜಾನ್-ಜಾಕ್ ಕಾಂಟೆ ಇವರೊಂದಿಗೆ ಸೇರಿ 'ಸರ್ಕಲ್ ಕಾಪ್ಸಿಕಿ' ಎಂಬ ಬಳಗ ಕಟ್ಟಿದರು. ಡುವಾಲಾದ ನ್ಯೂ ಬೆಲ್ ಎಂಬ ಕಿಕ್ಕಿರಿದ ಬಡಾವಣೆಯ ಬೀದಿಗಳಲ್ಲೇ, ಅಲ್ಲಿ ವಾಸಿಸುವವರ ನಡುವೆಯೇ ಕಲಾಕೃತಿಗಳನ್ನು ಮಾಡಿದವರು ಇವರು. ಯೂಂಬಿಯವರ ಮೊದಲ ಒಲವು ಭಾವಚಿತ್ರಗಳ ಕಡೆಗಿತ್ತು. ಸುಮಾರು 2010ರ ಹೊತ್ತಿಗೆ ಅವರು ಆಫ್ರಿಕಾದ ಕಲಾವಿದರ ಭಾವಚಿತ್ರಗಳನ್ನು ತೆಗೆದು, ಅವರ ಎದೆಯ ಮೇಲೆ ಪಾಶ್ಚಾತ್ಯ ದೇಶಗಳ ಹೆಸರಾಂತ ಮ್ಯೂಸಿಯಂಗಳ ಲಾಂಛನಗಳನ್ನು ಇರಿಸಿದರು. ನಮ್ಮ ಕೃತಿ ಕಲೆಯೆನಿಸಿಕೊಳ್ಳಲು ಯಾರ ಮುದ್ರೆ ಬೀಳಬೇಕೆಂದು ನಾವು ಹಂಬಲಿಸುತ್ತೇವೆ ಎಂಬ ಪ್ರಶ್ನೆಯನ್ನು ತನ್ನ ಜೊತೆಯವರಿಗೂ ತನಗೂ ಒಟ್ಟಿಗೇ ಹಾಕಿದ ಕೃತಿ ಅದು. ಮುಖವಾಡಗಳ ಕಡೆಗೆ ಅವರನ್ನು ಕರೆದೊಯ್ದದ್ದು ಈ ಪ್ರಶ್ನೆಯೇ ಇರಬೇಕು ಎಂದು ನನಗೆ ತೋರುತ್ತದೆ. ಮ್ಯೂಸಿಯಂ ಒಳಗೆ ಆಫ್ರಿಕಾದ ಮುಖವಾಡಕ್ಕೆ ಮೊದಲೇ ಜಾಗ ಇತ್ತು, ಬದುಕಿರುವ ಆಫ್ರಿಕಾದ ಕಲಾವಿದನಿಗೆ ಇರಲಿಲ್ಲ. ಮುಖವಾಡಕ್ಕೆ ಜಾಗ ಸಿಕ್ಕಿದ್ದಾದರೂ ಅದನ್ನು ಮಾಡಿದವನ ಹೆಸರು ಅಳಿದುಹೋದ ಮೇಲೆ.

'ವಿಸಾಜ್ ದ ಮಾಸ್ಕ್', ಅಂದರೆ 'ಮುಖವಾಡಗಳ ಮುಖಗಳು', ಎಂಬ ಸರಣಿ ಶುರುವಾದದ್ದು ಕಳೆದ ದಶಕದ ಮೊದಲ ಭಾಗದಲ್ಲಿ; ಅದು ಇನ್ನೂ ಮುಗಿದಿಲ್ಲ. ಅದರ ನಡೆ ಹೀಗಿದೆ. ಯೂಂಬಿ ರೂಪವನ್ನು ಯೋಚಿಸುತ್ತಾರೆ. ಮರ ಕೆತ್ತುವವರು ಕೆತ್ತುತ್ತಾರೆ, ಮಣಿ ಹೊಲಿಯುವವರು ಹೊಲಿಯುತ್ತಾರೆ. ಇವರೆಲ್ಲ ಗುಡ್ಡನಾಡಿನ ಕಸುಬುದಾರರು, ಕೂಟಗಳಿಗೂ ಸಂತೆಗೂ ಕೆಲಸ ಮಾಡಿಕೊಡುವವರು. ಮುಖವಾಡ ಸಿದ್ಧವಾದ ಮೇಲೆ ಅದು ನೇರ ಗ್ಯಾಲರಿಗೆ ಹೋಗುವುದಿಲ್ಲ. ಯೂಂಬಿ ಕೂಟದ ಹಿರಿಯರೊಡನೆ ಮಾತನಾಡಿ ಅವರ ಒಪ್ಪಿಗೆ ಪಡೆಯುತ್ತಾರೆ. ಕೂಟ ಅದನ್ನು ತನ್ನದಾಗಿಸಿಕೊಂಡು, ಮಾಡಬೇಕಾದ ಸಂಸ್ಕಾರ ಮಾಡಿ, ಉತ್ತರಕ್ರಿಯೆಯ ಅಂಗಳದಲ್ಲಿ ಕುಣಿಸುತ್ತದೆ. ಅದೆಲ್ಲ ವೀಡಿಯೊದಲ್ಲಿ ದಾಖಲಾಗುತ್ತದೆ. ಆಮೇಲಷ್ಟೇ ಕೆಲವು ಮುಖವಾಡಗಳು ಆ ವೀಡಿಯೊದೊಂದಿಗೆ ಪ್ರದರ್ಶನಕ್ಕೆ ಹೊರಡುತ್ತವೆ. ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂ ಈ ಸರಣಿಯನ್ನು ಬೇಗನೆ ಗುರುತಿಸಿದ ಸಂಸ್ಥೆಗಳಲ್ಲಿ ಒಂದು.

ಸರಣಿಯ ಬಹಳಷ್ಟು ಮುಖವಾಡಗಳು 'ಕುಂಗಾಂಗ್' ಎಂಬ ಕೂಟಕ್ಕೆ ಹೊಂದುವಂಥವು. ಕುವೊಸಿ ಸಿರಿಯನ್ನು ಮೆರೆಸುವ ಕೂಟವಾದರೆ, ಕುಂಗಾಂಗ್ ಮದ್ದು ಮತ್ತು ರಕ್ಷೆಗಳ ಕೂಟ. ಮಾಟವನ್ನು ಹಿಮ್ಮೆಟ್ಟಿಸಿ ಊರನ್ನು ಕಾಯುವುದು ಅದರ ಹೊಣೆ. ಅದರ ಕುಣಿತಗಾರರು ಜಡೆಜಡೆಯಾಗಿ ಗಂಟುಹಾಕಿದ ದಪ್ಪನೆಯ ನಿಲುವಂಗಿ ತೊಡುತ್ತಾರೆ; ನೋಡುವವರಲ್ಲಿ ಭಯ ಹುಟ್ಟಿಸುವುದೇ ಅವರ ಕೆಲಸದ ಭಾಗ. 'ಸ್ಕ್ರೀಮ್'ನ ಪ್ರೇತಮುಖ ಇಂಥ ಕೂಟಕ್ಕೆ ಎಷ್ಟು ಸಹಜವಾಗಿ ಒಗ್ಗೀತು ಎಂಬುದನ್ನು ಯೋಚಿಸಿ ನೋಡಿ. ನಾರ್ವೆಯ ಎಡ್ವರ್ಡ್ ಮುಂಕ್ 1893ರಲ್ಲಿ ಬಿಡಿಸಿದ ಚೀರುವ ಮುಖವನ್ನು ನೆನಪಿಸುವ ಆಕಾರವೊಂದು ಅಮೆರಿಕದ ಆಟಿಕೆ ವ್ಯಾಪಾರಕ್ಕೆ ಬಂದು, ಅಲ್ಲಿಂದ ಚಲನಚಿತ್ರಕ್ಕೆ ಸೇರಿ, ಚೀನಾದ ಕಾರ್ಖಾನೆಗಳ ಮೂಲಕ ಆಫ್ರಿಕಾದ ಸಂತೆಗೆ ಇಳಿದು, ಕೊನೆಗೆ ಬಾಮಿಲೆಕೆ ಕುಶಲಿಗಳ ಕೈಯಲ್ಲಿ ಮರವಾಗಿ, ಮಣಿಯಾಗಿ ಮರುಹುಟ್ಟು ಪಡೆಯಿತು. ಯುರೋಪಿನ ಕಲಾವಿದರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಫ್ರಿಕಾದ ಮುಖವಾಡಗಳಿಂದ ರೂಪಗಳನ್ನು ಕೇಳದೆಯೇ ಎತ್ತಿಕೊಂಡರು. ಇಲ್ಲಿ ಬಾಮಿಲೆಕೆ ಕೂಟವೊಂದು ಯುರೋಪು ಅಮೆರಿಕಗಳ ಭಯದ ಮುಖವನ್ನು ಪಡೆದು ತನ್ನ ಊರನ್ನು ಕಾಯುವ ಕೆಲಸಕ್ಕೆ ನಿಲ್ಲಿಸಿದೆ.

ಆಫ್ರಿಕಾದ ಕಲೆಯ ಮಾರುಕಟ್ಟೆಯಲ್ಲಿ 'ಅಸಲಿ' ಎನಿಸಿಕೊಳ್ಳಲು ಎರಡು ಷರತ್ತುಗಳು ಬಹುಕಾಲದಿಂದ ಜಾರಿಯಲ್ಲಿವೆ. ಮೊದಲನೆಯದು, ವಸ್ತು ತನ್ನ ಜನರ ಆಚರಣೆಯಲ್ಲಿ ನಿಜವಾಗಿ ಬಳಕೆಯಾಗಿರಬೇಕು. ಅದರ ಮೇಲೆ ಹೊಗೆಯ ಮಸಿ, ಬೆವರಿನ ಜಿಡ್ಡು, ಕೈಯ ಸವೆತ ಕಾಣಬೇಕು. ಎರಡನೆಯದು, ಅದರಲ್ಲಿ ಹೊರಗಿನ ಲೋಕದ ಸೋಂಕು ಇರಬಾರದು. ಈ ಷರತ್ತುಗಳಿಗೆ ಹೊಂದಿಕೊಳ್ಳಲು ಫುಂಬನ್ ಮುಂತಾದ ಕುಶಲಕರ್ಮಿಗಳ ಊರುಗಳಲ್ಲಿ ಹೊಸ ಮುಖವಾಡಗಳನ್ನು ಮಣ್ಣಿನಲ್ಲಿ ಹೂತು, ಹೊಗೆ ಹಿಡಿಸಿ, ಹಳೆಯದರಂತೆ ಮಾಡುವ ಕಸುಬೇ ಬೆಳೆಯಿತು. ಅದನ್ನು ಮೋಸವೆಂದು ಕರೆಯುವ ಮೊದಲು, ಹಳೆಯದು ಮಾತ್ರ ಬೇಕು, ಹೊಸದು ಬೇಡ ಎಂದು ಹಟ ಹಿಡಿದ ಕೊಳ್ಳುಗರನ್ನು ನೆನಪಿಸಿಕೊಳ್ಳಬೇಕು. ಯೂಂಬಿಯವರ ಮುಖವಾಡ ಮೊದಲ ಷರತ್ತನ್ನು ಪೂರ್ತಿಯಾಗಿ ಪಾಲಿಸುತ್ತದೆ: ಅದು ಕೂಟದ ಒಪ್ಪಿಗೆ ಪಡೆದಿದೆ, ಅಂಗಳದಲ್ಲಿ ಕುಣಿದಿದೆ, ಸತ್ತವರ ಎದುರು ನಿಂತಿದೆ. ಎರಡನೆಯ ಷರತ್ತನ್ನು ಅದು ಎಲ್ಲರ ಕಣ್ಣೆದುರೇ ಮುರಿಯುತ್ತದೆ. ಅದರ ಮುಂದೆ ನಿಂತ ಮ್ಯೂಸಿಯಂನ ಅಧಿಕಾರಿ ಅದನ್ನು ಜನಾಂಗಶಾಸ್ತ್ರದ ವಿಭಾಗಕ್ಕೆ ಕಳುಹಿಸಬೇಕೋ ಸಮಕಾಲೀನ ಕಲೆಯ ವಿಭಾಗಕ್ಕೋ ಎಂದು ತೀರ್ಮಾನಿಸಲಾರ. ಈ ತೊಡಕನ್ನು ಹುಟ್ಟಿಸಿದ್ದೇ ಯೂಂಬಿಯವರ ಅತಿ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ. ಆ ಎರಡು ವಿಭಾಗಗಳ ನಡುವಿನ ಗೋಡೆ ಬಾಮಿಲೆಕೆ ಅಂಗಳದಲ್ಲಿ ಎಂದೂ ಇರಲಿಲ್ಲ.

ಹಿರಿಯರಿಂದ ಸ್ಫೂರ್ತಿ ಪಡೆದೆ ಎಂದು ಹೇಳುವ ಕಲಾವಿದರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಳೆಯ ಚಿತ್ತಾರವೊಂದನ್ನು ಕ್ಯಾನ್ವಾಸಿಗೆ ಇಳಿಸಿದರೆ ಆ ಮಾತಿಗೆ ಸಾಕ್ಷಿ ಸಿಕ್ಕಿಬಿಡುತ್ತದೆ. ಯೂಂಬಿ ಆರಿಸಿಕೊಂಡ ದಾರಿಯಲ್ಲಿ ಅಷ್ಟು ಸಲೀಸಿಲ್ಲ. ಅವರ ಕೃತಿಯನ್ನು ಕೂಟ ಬೇಡವೆನ್ನಬಹುದು. ಇದು ನಮ್ಮ ಹಿರಿಯರ ಮುಂದೆ ಕುಣಿಯತಕ್ಕದ್ದಲ್ಲ ಎಂದು ಒಬ್ಬ ಮುದುಕ ತಲೆಯಾಡಿಸಿದರೆ ಕೃತಿ ಅಲ್ಲಿಗೇ ನಿಂತಿತು. ಪ್ಯಾರಿಸ್ಸಿನ ವಿಮರ್ಶಕರ ಹೊಗಳಿಕೆ ಅದನ್ನು ಎಬ್ಬಿಸಲಾರದು. ತನ್ನ ಕೃತಿಗೆ ಬೆಲೆ ಕಟ್ಟುವ ಅಧಿಕಾರದಲ್ಲಿ ಒಂದು ಪಾಲನ್ನು ಕಲಾಲೋಕದ ಹೊರಗಿರುವವರ ಕೈಗೆ ಕೊಟ್ಟ ಕಲಾವಿದರು ಅಪರೂಪ. ಪರಂಪರೆಗೆ ಗೌರವ ತೋರುವುದೆಂದರೆ ನನ್ನ ದೃಷ್ಟಿಯಲ್ಲಿ ಇದೇ: ಅದರ ಚಂದವನ್ನು ಮಾತ್ರ ಅಪ್ಪಿಕೊಳ್ಳದೆ, ಅದು ಹೇರುವ ಕಟ್ಟಳೆಗೂ ತಲೆಬಾಗುವುದು.

2017ರ ಮ್ಯೂನ್‌ಸ್ಟರ್ ಕೃತಿಯ ಬಗ್ಗೆಯೂ ಹೇಳಬೇಕು. ಜರ್ಮನಿಯ ಈ ನಗರದಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ 'ಸ್ಕಲ್ಪ್‌ಟೂರ್ ಪ್ರೊಯೆಕ್ಟೆ' ಎಂಬ ದೊಡ್ಡ ಶಿಲ್ಪಕಲಾ ಪ್ರದರ್ಶನ ನಡೆಯುತ್ತದೆ. ಕೃತಿಗಳು ನಗರದ ಬಯಲಿನಲ್ಲೇ ನಿಲ್ಲುತ್ತವೆ. ಯೂಂಬಿ ಅಲ್ಲಿ ಊಬರ್‌ವಾಸರ್ ಎಂಬ ಹಳೆಯ ಸ್ಮಶಾನವನ್ನು ಆರಿಸಿಕೊಂಡರು. ಅಲ್ಲಿ ಈಗ ಯಾರನ್ನೂ ಹೂಳುವುದಿಲ್ಲ. ಹಳೆಯ ಸಮಾಧಿಕಲ್ಲುಗಳ ನಡುವೆ ಮರಗಳು ಎತ್ತರಕ್ಕೆ ಬೆಳೆದಿವೆ, ನಗರದ ಜನ ತಿರುಗಾಡಲು ಬರುತ್ತಾರೆ. ಆ ಮರಗಳಿಂದ ಅವರು 'ಗಗನದ ಮುಖವಾಡ'ಗಳನ್ನು ತೂಗುಹಾಕಿದರು. ಆಫ್ರಿಕಾದ ಬೇರೆಬೇರೆ ಜನಗಳ ಮುಖವಾಡ ಶೈಲಿಗಳು ಅವುಗಳಲ್ಲಿ ಒಂದರೊಳಗೊಂದು ಬೆರೆತಿದ್ದವು. ಸತ್ತವರ ಬುರುಡೆಯನ್ನು ಮನೆಯೊಳಗಿಟ್ಟು ಮಾತನಾಡಿಸುವ ನಾಡಿನ ಪರಂಪರೆಯೊಂದು, ಸತ್ತವರನ್ನು ಮಾತನಾಡಿಸಲು ಯಾರೂ ಬಾರದ ಸ್ಮಶಾನಕ್ಕೆ ಬಂದು ಕಾವಲು ನಿಂತಂತಿತ್ತು ಅದು. ಚಿತ್ರಗಳಲ್ಲಷ್ಟೇ ಅದನ್ನು ನೋಡಿದ ನನಗೂ ಆ ಆಯ್ಕೆ ತಟ್ಟಿತು. ಕ್ಯಾಮರೂನಿನ ಸಾವಿರಾರು ವಸ್ತುಗಳನ್ನು ಕಪಾಟುಗಳಲ್ಲಿ ಇರಿಸಿಕೊಂಡ ದೇಶಕ್ಕೆ ಹೋಗಿ, ಅಲ್ಲಿ ಬೈಯದೆ, ಅವರ ಮರೆತ ಹಿರಿಯರಿಗೆ ಕಾವಲು ಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು. ಆದರೂ ಸರಣಿಯ ಇತರ ಕೃತಿಗಳ ಬಲ ಇದಕ್ಕಿದೆ ಎಂದು ನಾನು ಹೇಳಲಾರೆ. ಕುಣಿಯುವ ಮೈ ಇಲ್ಲದ ಮುಖವಾಡ, ಎಷ್ಟೇ ಎತ್ತರದಲ್ಲಿ ತೂಗಿದರೂ, ಮತ್ತೆ ನೋಡುವ ವಸ್ತುವಾಗಿ ಉಳಿದುಬಿಡುತ್ತದೆ.

ಯೂಂಬಿ ಈ ಹಾದಿಯಲ್ಲಿ ಒಬ್ಬಂಟಿಯಲ್ಲ. ಬಾಮೆಂಜು ಊರಿನ ಜೋಸೆಫ್-ಫ್ರಾನ್ಸಿಸ್ ಸುಮೆಗ್ನೆ ಡುವಾಲಾದ ಡೇಡೊ ವೃತ್ತದಲ್ಲಿ 1996ರಲ್ಲಿ ನಿಲ್ಲಿಸಿದ, ಗುಜರಿಯ ತಗಡು ಮತ್ತು ಟೈರುಗಳಿಂದ ಕಟ್ಟಿದ ಹನ್ನೆರಡು ಮೀಟರ್ ಎತ್ತರದ 'ಹೊಸ ಸ್ವಾತಂತ್ರ್ಯ' ಎಂಬ ಶಿಲ್ಪಕ್ಕೆ ನಗರದವರು ಮೊದಮೊದಲು ಬಹಳ ವಿರೋಧ ತೋರಿದ್ದರು. ಬಾಮಿಲೆಕೆ ಕಲಾವಿದನ ಕೃತಿ ಡುವಾಲಾ ಜನರ ನೆಲದಲ್ಲಿ ಏಕೆ ಎಂಬ ಮಾತೂ ಅದರಲ್ಲಿ ಸೇರಿತ್ತು. ಈಗ ಅದು ನಗರದ ಗುರುತೇ ಆಗಿದೆ. ಬಾರ್ತೆಲೆಮಿ ಟೊಗೊ ಬೇರೊಂದು ರೀತಿಯಲ್ಲಿ ಊರಿಗೆ ಮರಳಿದರು. 1967ರಲ್ಲಿ ಎಂಬಾಲ್‌ಮಾಯೊದಲ್ಲಿ ಹುಟ್ಟಿ, ಅಬಿಜಾನ್, ಗ್ರೆನೊಬ್ಲ್, ಡ್ಯುಸೆಲ್‌ಡಾರ್ಫ್‌ಗಳಲ್ಲಿ ಕಲಿತು, ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದವರೆಗೆ ತಲುಪಿದ ಅವರು ತಮ್ಮ ಗಳಿಕೆಯನ್ನು ಹಾಕಿ ಬಂಜೂನ್‌ನಲ್ಲಿ 'ಬಂಜೂನ್ ಸ್ಟೇಶನ್' ಎಂಬ ಕಲಾಕೇಂದ್ರ ಕಟ್ಟಿಸಿದರು. ಅಲ್ಲಿ ಸಮಕಾಲೀನ ಕೃತಿಗಳ ಸಂಗ್ರಹವಿದೆ, ಬಂದ ಕಲಾವಿದರಿಗೆ ಉಳಿಯುವ ಕೋಣೆಗಳಿವೆ, ಜೊತೆಗೆ ಕಾಫಿ ತೋಟವೂ ಇದೆ. ತಾವು ಬೆಳೆದ ಕಾಫಿಗೆ ಬೆಲೆಯನ್ನು ಬೇರೆ ಯಾರೋ ಗೊತ್ತುಮಾಡುವ ಅನ್ಯಾಯಕ್ಕೂ, ತಮ್ಮ ಕಲೆಗೆ ಬೆಲೆಯನ್ನು ಬೇರೆ ಯಾರೋ ಗೊತ್ತುಮಾಡುವ ಅನ್ಯಾಯಕ್ಕೂ ಇರುವ ನಂಟನ್ನು ಟೊಗೊ ಒಂದೇ ನೆಲದಲ್ಲಿ ತೋರಿಸಿದ್ದಾರೆ. ಕಾಫಿ ಬೆಳೆಯುವ ನಾಡಿನಲ್ಲಿ ಕುಳಿತು ಓದುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೂಂಬಿಯವರ ಕಲೆ ನನ್ನಲ್ಲಿ ಉಳಿಸುವ ಒಂದು ಅಳುಕೂ ಇದೆ. ಮುಖವಾಡ ಅಂಗಳದಲ್ಲಿ ಕುಣಿದದ್ದರಿಂದಲೇ ಅದಕ್ಕೆ ಗ್ಯಾಲರಿಯಲ್ಲಿ ತೂಕ ಬರುತ್ತದೆ. ಹಾಗಾದರೆ ಉತ್ತರಕ್ರಿಯೆಯ ಅಂಗಳವು ಮಾರುಕಟ್ಟೆಗೆ ಹೊರಟ ವಸ್ತುವಿಗೆ ಮುದ್ರೆ ಒತ್ತುವ ಕಟ್ಟೆಯಾಗಿಬಿಡುವ ಅಪಾಯವಿಲ್ಲವೇ? ಕೊಂಡವರು ಅದನ್ನು ಗಾಜಿನ ಹಿಂದೆ ನಿಲ್ಲಿಸಿದ ದಿನ ಅದರ ಕುಣಿತ ನಿಲ್ಲುತ್ತದೆ. ಪಕ್ಕದ ಪರದೆಯ ಮೇಲೆ ವೀಡಿಯೊ ಎಷ್ಟು ಸಲ ತಿರುಗಿದರೂ ಅದು ನಡೆದುಹೋದದ್ದರ ದಾಖಲೆಯಷ್ಟೇ. ಈ ಅಪಾಯವನ್ನು ಯೂಂಬಿ ಅರಿಯದವರಲ್ಲ ಎಂಬುದಕ್ಕೆ ಅವರು ಕೂಟಗಳೊಡನೆ ವರ್ಷಗಟ್ಟಲೆ ಉಳಿಸಿಕೊಂಡ ಒಡನಾಟವೇ ಸಾಕ್ಷಿ. ಒಂದು ಮುಖವಾಡ ಹೊರದೇಶಕ್ಕೆ ಹೋದರೂ ಅದೇ ಬಗೆಯದು ಗುಡ್ಡನಾಡಿನಲ್ಲಿ ಉಳಿದು ಕುಣಿಯುತ್ತಿರುತ್ತದೆ. ಕೆತ್ತುವ ಕೈಗಳೂ ಹೊಲಿಯುವ ಕೈಗಳೂ ಅಲ್ಲೇ ಇವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೋದ ಮೂರ್ತಿಗಳು ಹೀಗೆ ಹೋಗಲಿಲ್ಲ. ಅವು ಹೋದಾಗ ಹಿಂದೆ ಖಾಲಿ ಜಾಗ ಉಳಿಯಿತು.

2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಲಾ ಮ್ಯೂಸಿಯಂನಲ್ಲಿ ಆಫ್ರಿಕಾದ ಹೊಸ ಮುಖವಾಡ ಕುಣಿತಗಳ ಕುರಿತ ಪ್ರದರ್ಶನವೊಂದು ತೆರೆಯಿತು. ಮುಂದೆ ನ್ಯಾಶ್‌ವಿಲ್ ಮತ್ತು ಸ್ಯಾನ್ ಆಂಟೊನಿಯೊ ನಗರಗಳಿಗೂ ಅದರ ಪ್ರಯಾಣ ಗೊತ್ತಾಗಿತ್ತು. ನೈಜೀರಿಯಾದ ಎಕ್‌ಪೆನ್ಯಾಂಗ್ ಬಾಸ್ಸಿ ಎನ್ಸಾ, ಸಿಯೆರಾ ಲಿಯೋನಿನ ಶೇಕು 'ಗೋಲ್ಡನ್‌ಫಿಂಗರ್' ಫೊಫಾನಾ, ಬುರ್ಕಿನಾ ಫಾಸೊದ ದವೀದ್ ಸಾನು, ಇವರ ಜೊತೆ ನಾಲ್ಕನೆಯವರು ಯೂಂಬಿ. ಈ ನಾಲ್ವರ ಹೆಸರನ್ನು ಮುಂದಿಟ್ಟೇ ಆ ಪ್ರದರ್ಶನವನ್ನು ಕಟ್ಟಲಾಗಿತ್ತು. ಮುಖವಾಡದ ಕೆಳಗಿನ ಚೀಟಿಯಲ್ಲಿ 'ಬಾಮಿಲೆಕೆ, ಕರ್ತೃ ತಿಳಿದಿಲ್ಲ' ಎಂದು ನೂರು ವರ್ಷ ಬರೆಸಿದ ಮ್ಯೂಸಿಯಂಗಳ ಲೋಕದಲ್ಲಿ ಇದು ದೊಡ್ಡ ಬದಲಾವಣೆ. ಆದರೆ ಇಷ್ಟಕ್ಕೇ ಕೈತೊಳೆದುಕೊಳ್ಳುವಂತಿಲ್ಲ. ಯೂಂಬಿಯವರ ಮುಖವಾಡ ಎಲ್ಲೇ ನಿಂತರೂ ಅದರ ಚೀಟಿಯಲ್ಲಿ ಮರ ಕೆತ್ತಿದವರ ಹೆಸರು, ಮಣಿ ಹೊಲಿದವರ ಹೆಸರು, ಅದನ್ನು ಒಪ್ಪಿ ಕುಣಿಸಿದ ಕೂಟ ಮತ್ತು ಅರಸೊತ್ತಿಗೆಯ ಹೆಸರು ಯೂಂಬಿಯವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರಬೇಕು. ಮಾರಾಟದ ಹಣದಲ್ಲಿ ಅವರೆಲ್ಲರ ಪಾಲು ಕರಾರಿನಲ್ಲೇ ನಮೂದಾಗಿರಬೇಕು. ಕೂಟ ಕೇಳಿದಾಗ ಮುಖವಾಡವನ್ನು ಒಂದು ಒಣ ಋತುವಿನ ಮಟ್ಟಿಗಾದರೂ ಊರಿಗೆ ಕಳುಹಿಸಿ, ಅಂಗಳದಲ್ಲಿ ಕುಣಿದ ಮೇಲೆ ಮರಳಿ ಪಡೆಯುವ ಕಲಮೂ ಆ ಕರಾರಿನಲ್ಲಿ ಸೇರಬೇಕು. ಕುಣಿದರೆ ಮಣಿ ಉದುರುತ್ತದೆ, ಬಣ್ಣ ಮಾಸುತ್ತದೆ, ವಿಮೆಯ ಕಂಪನಿ ಒಪ್ಪುವುದಿಲ್ಲ ಎಂದು ಮ್ಯೂಸಿಯಂನವರು ಹೇಳುವರು. ಉದುರಿದ ಮಣಿಯನ್ನು ಮತ್ತೆ ಹೊಲಿಯಬಲ್ಲವರು ಗುಡ್ಡನಾಡಿನಲ್ಲಿ ಇದ್ದಾರೆ. ಅವರಿಗೆ ಆ ಕೆಲಸಕ್ಕೆ ಕೂಲಿ ಕೊಟ್ಟರೆ ಆಯಿತು.